ರೈಲ್ಸ್ ಟ್ಯೂಬ್‌ನಲ್ಲಿ ಗಂಜಿ ಕೊಡುವಾಗ ಕೆಮ್ಮು, ಪದೇ ಪದೇ ಬ್ಲಾಕ್: ಮನೆಯಲ್ಲಿ ಏನು ಮಾಡಬೇಕು?

ಸ್ಟ್ರೋಕ್ ಆದ ತಂದೆಯವರಿಗೆ ರೈಲ್ಸ್ ಟ್ಯೂಬ್‌ನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆ) ಫೀಡ್, ಅಂದರೆ ದ್ರವ ಆಹಾರ, ಕೊಡುವಾಗ ಕೆಮ್ಮು ಬರುತ್ತದೆ, ಟ್ಯೂಬ್ ಕಟ್ಟಿಕೊಳ್ಳುತ್ತದೆ ಎಂದು ಕೇಳಿದ್ದೀರಿ. ಮೊದಲು ಕೆಮ್ಮಿನ ವಿಷಯ. ಬ್ಲಾಕ್ ಆದರೆ ಟ್ಯೂಬ್ ಬದಲಾಯಿಸಬಹುದು. ಆದರೆ ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಕೆಮ್ಮು ಬಂದ ಕೂಡಲೇ ಟ್ಯೂಬ್ ಮಡಚಿ ಹಿಡಿದು ಫೀಡ್ ನಿಲ್ಲಿಸಿ. ವಾಂತಿ ಬರುವಂತಿದ್ದರೆ ಪಕ್ಕಕ್ಕೆ ಹೊರಳಿಸಿ. ಏದುಸಿರು ಬಂದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ.

ಪ್ರತಿ ಸಲ ಶುರುಮಾಡುವ ಮುಂಚೆ ಮೂಗಿನ ಹತ್ತಿರ ಟ್ಯೂಬ್ ಮೇಲಿರುವ ಗುರುತು ನೋಡಿ. ಹಾಕಿದ ದಿನ ಎಷ್ಟು ಸೆಂ.ಮೀ. ಇತ್ತೋ ಅಷ್ಟೇ ಇರಬೇಕು. 50 ಮಿ.ಲೀ. ಸಿರಿಂಜ್‌ನಿಂದ ಮೆಲ್ಲಗೆ ಎಳೆದು, ಬಂದ ದ್ರವವನ್ನು ಪಿ.ಎಚ್. ಪಟ್ಟಿಗೆ (ಆಮ್ಲದ ಮಟ್ಟ ತೋರಿಸುವ ಕಾಗದ) ತಾಗಿಸಿ, 5.5 ಅಥವಾ ಕಡಿಮೆ ಇದ್ದರೆ ತುದಿ ಹೊಟ್ಟೆಯಲ್ಲಿದೆ ಎಂದುಕೊಳ್ಳಬಹುದು. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಕೊಡುತ್ತಿದ್ದರೆ ಅಂಕಿ ಮೇಲಿರಬಹುದು, ಅದನ್ನು ನರ್ಸ್‌ಗೆ ತಿಳಿಸಿ. ಗಾಳಿ ಊದಿ ಹೊಟ್ಟೆಯಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಾನು ನಂಬುವುದಿಲ್ಲ; ತುದಿ ಶ್ವಾಸನಾಳದಲ್ಲಿದ್ದರೂ ಸದ್ದು ಕೇಳಬಹುದು.

ತಲೆಯ ಕೆಳಗೆ ದಿಂಬು ಇಟ್ಟರೆ ಸಾಲದು, ಕುತ್ತಿಗೆ ಮಾತ್ರ ಬಾಗುತ್ತದೆ. ಸೊಂಟದಿಂದ ಮೇಲೆ ಇಡೀ ಬೆನ್ನು 45 ಡಿಗ್ರಿ ಏಳಬೇಕು, ಫೀಡ್ ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು. ಡೈಪರ್ ಬದಲಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ. ಸಿರಿಂಜ್‌ನ ಪ್ಲಂಜರ್ (ತಳ್ಳುವ ದಂಡ) ಒತ್ತಿ ತಳ್ಳಬೇಡಿ. ಅದನ್ನು ತೆಗೆದು, ಸಿರಿಂಜನ್ನು ಒಂದಡಿ ಎತ್ತರಕ್ಕೆ ಹಿಡಿದರೆ 200 ಮಿ.ಲೀ. ತಾನಾಗಿ 15–20 ನಿಮಿಷದಲ್ಲಿ ಇಳಿಯುತ್ತದೆ. ಸಿರಿಂಜ್ ಪೂರ್ತಿ ಖಾಲಿಯಾಗಲು ಬಿಟ್ಟರೆ ಗಾಳಿ ಹೋಗಿ ಹೊಟ್ಟೆ ಉಬ್ಬುತ್ತದೆ.

ಬ್ಲಾಕ್‌ಗೆ ಹೆಚ್ಚಾಗಿ ಕಾರಣ ಮಾತ್ರೆ ಪುಡಿ ಮತ್ತು ಸೋಸದ ರಾಗಿ ಗಂಜಿ. ರಾಗಿ ಆರಿದಂತೆ ಗಟ್ಟಿಯಾಗುತ್ತದೆ, ಹಾಗಾಗಿ ತೆಳ್ಳಗೆ ಮಾಡಿ ತೆಳು ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗೆ ಕೊಡಿ. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಅರೆದು ನೀರಿನಲ್ಲಿ ಕರಗಿಸಿ, ಗಂಜಿಗೆ ಬೆರೆಸಬೇಡಿ. ಹೆಸರಿನ ಕೊನೆಯಲ್ಲಿ ಎಸ್.ಆರ್., ಎಕ್ಸ್.ಆರ್. (ಔಷಧವನ್ನು ನಿಧಾನವಾಗಿ ಬಿಡುವಂಥವು) ಎಂದಿರುವ ಮಾತ್ರೆ ಅರೆಯಲೇಬಾರದು, ಬದಲಿ ಬರೆಸಿಕೊಳ್ಳಿ. ಫೀಡಿನ ಮುಂಚೆ, ಆಮೇಲೆ 30 ಮಿ.ಲೀ. ನೀರು ಬಿಡಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಇದ್ದರೆ ಇದನ್ನೂ ಲೆಕ್ಕಕ್ಕೆ ಸೇರಿಸಿ.

ಕಟ್ಟಿಕೊಂಡರೆ ಅದೇ ದೊಡ್ಡ ಸಿರಿಂಜ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಸ್ವಲ್ಪ ತಳ್ಳಿ, ಸ್ವಲ್ಪ ಎಳೆದು ನೋಡಿ. ಸಣ್ಣ ಸಿರಿಂಜ್ ಬೇಡ, ಅದರ ಒತ್ತಡಕ್ಕೆ ಟ್ಯೂಬ್ ಒಡೆಯಬಹುದು. ತಂತಿಯಂತೂ ಬೇಡವೇ ಬೇಡ. ಟ್ಯೂಬ್ ಅರ್ಧ ಹೊರಬಂದಿದ್ದರೆ ಒಳಗೆ ತಳ್ಳದೆ, ಏನನ್ನೂ ಕೊಡದೆ, ನರ್ಸನ್ನು ಕರೆಸಿ.

ಬಾಯಲ್ಲಿ ಊಟ ಇಲ್ಲದಿದ್ದರೂ ದಿನಕ್ಕೆರಡು ಸಲ ಹಲ್ಲು, ನಾಲಿಗೆ ಒರೆಸಿ. ಅಲ್ಲಿನ ಕೊಳೆ ಜೊಲ್ಲಿನೊಂದಿಗೆ ಶ್ವಾಸಕೋಶ ಸೇರುತ್ತದೆ.