ಅರ್ಧ ಲೋಟ ಗ್ಲೂಕೋಸ್

ಗದಗ ಜಿಲ್ಲೆಯ ಹಳ್ಳಿಯೊಂದರ ಹೆಣ್ಣುಮಗಳು, ಗಿರಿಜಾ ಎಂದಿಟ್ಟುಕೊಳ್ಳಿ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 27, ಎರಡನೆಯ ಬಸಿರು, 25ನೇ ವಾರ. ಮೊದಲ ಮಗು ಹುಟ್ಟಿದಾಗಲೇ ನಾಲ್ಕು ಕಿಲೋ ದಾಟಿತ್ತು. ಮನೆಯವರಿಗೆ ಅದು ಹೆಮ್ಮೆಯ ಮಾತು. ಬಸುರಿಯರ ತಪಾಸಣೆಯ ಕೆಲಸದಲ್ಲಿರುವ ನಮ್ಮಂಥವರ ಕಿವಿ ಅಲ್ಲೇ ನೆಟ್ಟಗಾಗುತ್ತದೆ, ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆಯ ಸುಳಿವು ಅದಾಗಿರಬಹುದು.

ಮೂರನೇ ತಿಂಗಳಲ್ಲಿ ಮಾಡಿದ ಸಕ್ಕರೆ ಪರೀಕ್ಷೆ ಸರಿಯಾಗಿತ್ತು. ಆದರೂ 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ ಮಾಡಲೇಬೇಕು. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕದಡಿ ಕೊಡುತ್ತಾರೆ. ಐದು-ಹತ್ತು ನಿಮಿಷದಲ್ಲಿ ಕುಡಿದು, ಎರಡು ಗಂಟೆಯ ನಂತರ ರಕ್ತ ಕೊಡಬೇಕು. ಉಂಡು ಬಂದಿದ್ದರೂ ನಡೆಯುತ್ತದೆ. ಗಿರಿಜಾಳ ವರದಿ 118 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ) ಬಂತು. 140ರ ಒಳಗಿದೆ, ಚಿಂತೆಯಿಲ್ಲ ಎಂದುಕೊಂಡೆವು. ಅಷ್ಟರಲ್ಲಿ ಜಗಲಿಯ ದಾಸವಾಳದ ಕುಂಡಕ್ಕೆ ಇರುವೆ ಮುತ್ತಿವೆ ಎಂದು ಆಯಾ ಗೊಣಗಿದಳು. ಗಿರಿಜಾ ತಲೆ ತಗ್ಗಿಸಿದಳು. ಅರ್ಧ ಲೋಟ ಕುಂಡಕ್ಕೆ ಹೋಗಿತ್ತು.

ಒಳಗೆ ಕರೆದು ಕೂರಿಸಿಕೊಂಡೆ. ಕೂಸು ತೀರ ದಪ್ಪಗಾಗುವುದು, ಹೆರಿಗೆ ಕಷ್ಟವಾಗುವುದು, ಹುಟ್ಟಿದ ಕೂಡಲೇ ಕೂಸಿನ ಸಕ್ಕರೆ ಕುಸಿಯುವುದು, ಎಲ್ಲವನ್ನೂ ಒದರಿದೆ. ತಪ್ಪು ನನ್ನದೇ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಳು. “ಕುಬಸಕ್ಕೆ ಯಾರು ಯಾರು ಬರುತ್ತಾರೆ?” ಎಂದು ಕೇಳಿದ ಮೇಲೆ ಬಾಯಿ ಬಿಟ್ಟಳು.

“ಅಕ್ಕಾ, ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ನನಗೂ ಬಂತೆಂದರೆ ತವರಿನಿಂದಲೇ ತಂದಳು ಎನ್ನುತ್ತಾರೆ ಅತ್ತೆ. ಬಯಕೆಯಾಗಿ ನಾಲ್ಕು ಪೇಡೆ ತಿಂದದ್ದನ್ನೂ ಬಂಧುಗಳ ಎದುರು ಎತ್ತಿ ಆಡುತ್ತಾರೆ.”

ಅಪ್ಪನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಮಾಧಾನಕ್ಕಾಗಿ ಹೇಳಲಿಲ್ಲ, ಸಂಬಂಧ ಇದೆ. ಆದರೆ ಪೇಡೆ ತಿಂದದ್ದಕ್ಕೆ ಬರುವ ರೋಗ ಇದಲ್ಲ. ಕೂಸನ್ನು ಪೊರೆಯುವ ಮಾಸಿನಿಂದ ಬರುವ ಹಾರ್ಮೋನುಗಳೇ ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ತಿಂಗಳು ತುಂಬಿದಂತೆ ಅಡ್ಡಿ ಹೆಚ್ಚುತ್ತದೆ ಎಂದು ವಿವರಿಸಿದೆ. ಮನೆಯಲ್ಲಿ ಯಾರಿಗೆ, ಯಾವಾಗ ಹೇಳಬೇಕೆಂಬುದು ಆಕೆಗೇ ಬಿಟ್ಟದ್ದು ಎಂದೂ ಹೇಳಿದೆ. ಮರುದಿನ ಗಂಡನನ್ನು ಕರೆದುಕೊಂಡು ಬಂದು ಪೂರ್ತಿ ಕುಡಿದಳು. 158.

ಅತ್ತೆಯನ್ನೂ ಕರೆಸೋಣ ಎಂದವಳು ಗಿರಿಜಾಳೇ. ಆ ಹಿರಿಯರಿಗೆ ನಾನು ರೋಗದ ಪಾಠ ಹೇಳಲಿಲ್ಲ. “ಅಡುಗೆಮನೆ ನಿಮ್ಮ ಕೈಯಲ್ಲಿದೆ, ನೀವೇ ದಾರಿ ಹೇಳಬೇಕು” ಎಂದೆ. ಬಸುರಿಯನ್ನು ಉಪವಾಸ ಕೆಡವುವಂತಿಲ್ಲ. ಒಂದೇ ಸಲ ಹೊಟ್ಟೆ ಬಿರಿಯ ಉಣ್ಣಿಸುವಂತೆಯೂ ಇಲ್ಲ. ಅದೇ ಊಟವನ್ನು ಮೂರು ಹೊತ್ತು ಮತ್ತು ನಡುವಿನ ಸಣ್ಣ ತಿನಿಸುಗಳಾಗಿ ಹಂಚಿ, ಜೋಳದ ರೊಟ್ಟಿಯ ಜೊತೆ ಸೊಪ್ಪಿನ ಪಲ್ಯ, ಮೊಳಕೆ ಕಾಳು, ಮೊಸರು ಇರಲಿ, ಅನ್ನ ಕಡಿಮೆಯಾಗಲಿ, ಬೆಲ್ಲದ ಚಹಾ ನಿಲ್ಲಲಿ, ಉಂಡ ಮೇಲೆ ಅಂಗಳದಲ್ಲಿ ಅಡ್ಡಾಡಲಿ ಎಂದೆ. “ಬೆಲ್ಲಕ್ಕೂ ದೋಷವೇ?” ಎಂದು ಕೇಳಿದರು. ಸಕ್ಕರೆಯ ಅಕ್ಕನೇ ಅದು ಎಂದಾಗ ನಕ್ಕರು. ಕುಬಸದ ಮಾದಲಿಯ ಮಾತೂ ಬಂತು. ಶಾಸ್ತ್ರಕ್ಕೆ ಒಂದು ಚಮಚ, ಉಳಿದದ್ದು ಬಂದವರಿಗೆ ಎಂದು ಅವರೇ ತೀರ್ಮಾನಿಸಿದರು.

ಎರಡು ವಾರದ ಪಥ್ಯದ ನಂತರ, ಊಟವಾಗಿ ಎರಡು ಗಂಟೆಗೆ 131. 120ರ ಒಳಗೆ ಬರಬೇಕಿತ್ತು. ವೈದ್ಯರು ಇನ್ಸುಲಿನ್ ಬರೆದರು. ರೊಟ್ಟಿ ಎಣಿಸಿ ತಿಂದರೂ ಹೀಗಾಯಿತಲ್ಲ ಎಂದು ಗಿರಿಜಾ ಅತ್ತಳು. ಪಥ್ಯದಲ್ಲಿ ಸೋತದ್ದಲ್ಲ, ಮಾಸಿನ ಜೋರು ಅಷ್ಟಿದೆ ಎಂದೆ. ಸೂಜಿ ಚುಚ್ಚಲು ಕಲಿತವರು ಅತ್ತೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಹೆರಿಗೆಯ ನಂತರ ಬಹುತೇಕರ ಸಕ್ಕರೆ ಇಳಿಯುತ್ತದೆ, ಆದರೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿಯುತ್ತದೆ. ಅದಕ್ಕೇ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಇರುತ್ತದೆ, ಮುಂದೆಯೂ ಆಗಾಗ ಮಾಡಿಸುತ್ತಿರಬೇಕು. ಮಗು ಬಂತೆಂದರೆ ಇತ್ತ ತಲೆ ಹಾಕದವರೇ ಹೆಚ್ಚು. ಗಿರಿಜಾ ಬಂದಳು, ಮಗು ಅತ್ತೆಯ ತೊಡೆಯ ಮೇಲಿತ್ತು. ಗ್ಲೂಕೋಸ್ ನೀರನ್ನು ಗಟಗಟನೆ ಕುಡಿದು, ನನ್ನ ಕಡೆ ನೋಡಿ ಲೋಟವನ್ನು ಬೋರಲು ಹಾಕಿ ತೋರಿಸಿದಳು.