ಓದುಗರ ಪ್ರಶ್ನೆ: ಹಳಿ ಕಿತ್ತ ದಾರಿಯಲ್ಲಿ ನಾಲ್ಕು ದಿನ

ಪ್ರಶ್ನೆ: ನಾವು ಐವರು ಗೆಳೆಯರು, ಎಲ್ಲರೂ ನಲವತ್ತೈದು ದಾಟಿದವರು. ಪ್ರತಿ ಭಾನುವಾರ ಉಣಕಲ್ ಕೆರೆಯಿಂದ ಧಾರವಾಡದವರೆಗೆ ಸೈಕಲ್ ತುಳಿದು, ಪೇಢೆ ತಿಂದು ಮರಳುತ್ತೇವೆ. ನ್ಯೂಜಿಲೆಂಡಿನ ಒಟಾಗೊದಲ್ಲಿರುವ ಹಳೆಯ ರೈಲು ಮಾರ್ಗದಲ್ಲಿ ನಾಲ್ಕು ದಿನ ಸೈಕಲ್ ತುಳಿಯುವ ಆಸೆಯಿದೆ. ಅಲ್ಲಿಯ ಏರು ನಮ್ಮಿಂದಾದೀತೇ? ಯಾವಾಗ ಹೋಗಬೇಕು, ಹೇಗೆ ಸಿದ್ಧರಾಗಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಏರಿನ ಭಯ ಬಿಡಿ. ಕ್ಲೈಡ್ ಮತ್ತು ಮಿಡಲ್‌ಮಾರ್ಚ್ ಊರುಗಳ ನಡುವಿನ ಈ 152 ಕಿಲೋಮೀಟರ್ ಮಾರ್ಗದಲ್ಲಿ 1990ರಲ್ಲಿ ರೈಲು ನಿಂತಿತು. ಹಳಿ ತೆಗೆದು, ಜಲ್ಲಿಯ ದಾರಿ ಮಾಡಿ, 2000ದಲ್ಲಿ ಸೈಕಲ್ ಸವಾರರಿಗೂ ಪಾದಚಾರಿಗಳಿಗೂ ತೆರೆದರು. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದೆಂದು ಗುಡ್ಡವನ್ನು ಸುತ್ತಿ, ಸುತ್ತಲಾಗದ ಕಡೆ ಕೊರೆದು ಹಾಕಿದ ಮಾರ್ಗವಾದ್ದರಿಂದ, ಏರು ಎಲ್ಲಿಯೂ 50 ಮೀಟರಿಗೆ ಒಂದು ಮೀಟರನ್ನು ಮೀರುವುದಿಲ್ಲ. ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 618 ಮೀಟರ್. ನಮ್ಮ ಹುಬ್ಬಳ್ಳಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ.

ಕಷ್ಟವಿರುವುದು ಬೇರೆ ಕಡೆ. ಘಟ್ಟದ ರಸ್ತೆಯಲ್ಲಿ ಏರಿನ ಬೆನ್ನಿಗೇ ಇಳಿಜಾರು ಬಂದು ಕಾಲಿಗೆ ಬಿಡುವು ಸಿಗುತ್ತದೆ. ರೈಲಿನ ದಾರಿಯಲ್ಲಿ ಸೀಟಿನಿಂದ ಏಳದೆ ಗಂಟೆಗಟ್ಟಲೆ ಒಂದೇ ಸಮನೆ ಪೆಡಲ್ ತುಳಿಯಬೇಕು. ಅಲ್ಲಿ ಮೊದಲು ಸೋಲುವುದು ತೊಡೆಯಲ್ಲ, ಕೂರುವ ಭಾಗ ಮತ್ತು ಅಂಗೈ, ಅದೂ ಎರಡನೆಯ ದಿನ. ವಾರಕ್ಕೊಮ್ಮೆ ತುಳಿಯುವವರಿಗೆ ಆ ಎರಡನೆಯ ದಿನದ ಪರಿಚಯವೇ ಇರುವುದಿಲ್ಲ. ಆದ್ದರಿಂದ ಮೂರು ತಿಂಗಳು ಮೊದಲಿನಿಂದ, ತಿಂಗಳಿಗೆ ಎರಡು ಬಾರಿಯಾದರೂ, ಶನಿವಾರ ನಸುಕಿನಲ್ಲೇ ಹೊರಟು ಅಣ್ಣಿಗೇರಿಯ ಮೇಲೆ ಸುಮಾರು 58 ಕಿಲೋಮೀಟರ್ ದೂರದ ಗದಗ ಮುಟ್ಟಿ, ರಾತ್ರಿ ಅಲ್ಲಿಯೇ ತಂಗಿ, ಭಾನುವಾರ ತಿರುಗಿ ಬನ್ನಿ. ಆ ಎರೆಭೂಮಿಯ ಬಯಲಿನಲ್ಲಿ ಮರೆಯೆಂಬುದಿಲ್ಲ. ಮಳೆಗಾಲದ ಪಡುವಣ ಗಾಳಿಯಲ್ಲಿ ಮರಳುವ ದಾರಿಯುದ್ದಕ್ಕೂ ಎದುರುಗಾಳಿ. ಒಟಾಗೊದ ತೆರೆದ ಹುಲ್ಲುಗಾವಲಿನಲ್ಲಿಯೂ ಗಾಳಿಗೆ ತಡೆಯಿಲ್ಲ. ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ನಿಂತು ಗಾಳಿ ತಡೆಯುವುದನ್ನೂ, ಐವರಲ್ಲಿ ನಿಧಾನದವರ ವೇಗಕ್ಕೆ ಉಳಿದವರು ಹೊಂದಿಕೊಳ್ಳುವುದನ್ನೂ ಇಲ್ಲಿಯೇ ರೂಢಿಸಿಕೊಳ್ಳಿ. ಗೆಳೆತನ ನಾಲ್ಕೂ ದಿನ ಮಾಸದೆ ಉಳಿಯಲು ಇದು ತೀರ ಅಗತ್ಯವೆಂದು ನನ್ನ ನಂಬಿಕೆ.

ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಹೋಗಿ. ನಮಗೆ ಬೇಸಿಗೆಯಾದ ಮೇ ಅಲ್ಲಿ ಚಳಿಗಾಲದ ಬಾಗಿಲು. ಅಗಲ ಟೈರಿನ ಸೈಕಲ್ ಅಲ್ಲಿಯೇ ಬಾಡಿಗೆಗೆ ಸಿಗುತ್ತದೆ, ಆದರೆ ಮೈಗೆ ಒಗ್ಗಿದ ನಿಮ್ಮ ಸೀಟನ್ನು ಕಳಚಿ ಒಯ್ಯಿರಿ. ಪೂಲ್‌ಬರ್ನ್ ಕಣಿವೆಯ ಎರಡು ಸುರಂಗಗಳು ತಲಾ 200 ಮೀಟರಿಗಿಂತ ಉದ್ದವಾಗಿದ್ದು ಒಳಗೆ ಬೆಳಕಿಲ್ಲದ ಕಾರಣ, ಪ್ರತಿಯೊಬ್ಬರಲ್ಲೂ ಟಾರ್ಚ್ ಇರಲಿ.

ಕ್ಲೈಡ್‌ನಿಂದ ಹೊರಟರೆ ಕೊನೆಯ ದಿನ ಹೈಡ್ ಎಂಬ ಊರು ಬರುತ್ತದೆ. ಅದರ ಸಮೀಪ 1943ರ ಜೂನ್ 4ರಂದು ರೈಲು ಹಳಿ ತಪ್ಪಿ 21 ಜನ ಮಡಿದರು. ಅವರ ಸ್ಮಾರಕ ದಾರಿಗೆ ಹತ್ತಿರದಲ್ಲೇ ಇದೆ. ಅಲ್ಲಿ ಇಳಿದು, ಸ್ವಲ್ಪ ಹೊತ್ತು ನಿಂತು ಮುಂದೆ ಸಾಗಿರಿ.