ಅಮೆರಿಕದ ಆರಂಭಕಾಲದ ಶ್ರೀಮಂತ ಮನೆತನದ ಹೆಂಗಸರ ಬಗ್ಗೆ ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ಕರ್ನಾಟಕದಲ್ಲಿ ಎಂ.ಎ. ಮಾಡಿದವರು ಈ ದಾರಿ ಹಿಡಿಯಬಹುದೇ?

ಹಿಡಿಯಬಹುದು. ಆದರೆ ನೀವು ಕೊಟ್ಟಿರುವ ಕಾರಣಕ್ಕೆ ಬೇಡ. "ಆ ಹೆಂಗಸರು ರಾಶಿ ರಾಶಿ ಪತ್ರ ಬಿಟ್ಟುಹೋಗಿದ್ದಾರೆ, ಬಹಳಷ್ಟು ಆನ್‌ಲೈನ್‌ನಲ್ಲೇ ಸಿಗುತ್ತೆ, ಆಕರಗಳಿಗೆ ಕೊರತೆಯಿಲ್ಲ" ಅಂದಿದ್ದೀರಿ. ಧಾರವಾಡದಲ್ಲಿ ಎಂ.ಎ. ಮುಗಿಸಿ ಅರ್ಜಿ ಹಾಕುವಾಗ ನಾನು ಬರೆದದ್ದೂ ಅದನ್ನೇ. ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ಸ್ಟೈಪೆಂಡೂ ಸಿಕ್ಕಿತು. ಪೆಟ್ಟು ಬಿದ್ದದ್ದು ಆಮೇಲೆ.

ನನ್ನನ್ನು ಈ ಕಡೆ ಎಳೆದವಳು ಅಬಿಗೇಲ್ ಆಡಮ್ಸ್. ಎಲ್ಲರನ್ನೂ ಎಳೆಯುವುದು ಅವಳೇ ಬಿಡಿ. ಗಂಡ ಜಾನ್ (ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು) ಫಿಲಡೆಲ್ಫಿಯಾದ ಕಾಂಗ್ರೆಸ್ಸಿನಲ್ಲಿ, ಅಂದರೆ ವಸಾಹತುಗಳ ಪ್ರತಿನಿಧಿ ಸಭೆಯಲ್ಲಿ, ಸ್ವಾತಂತ್ರ್ಯದ ಮಾತಾಡುತ್ತಿದ್ದಾಗ, 1776ರ ಮಾರ್ಚ್ 31ರಂದು ಮ್ಯಾಸಚೂಸೆಟ್ಸ್‌ನ ಮನೆಯಲ್ಲಿ ಕೂತು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಎಂದು ಬರೆದಳು. ಓದಿ ನಗು ಬಂತು ಅಂತ ಆತ ಉತ್ತರ ಕೊಟ್ಟ. ಇಬ್ಬರ ನಡುವಿನ ಸಾವಿರಕ್ಕೂ ಹೆಚ್ಚು ಪತ್ರಗಳು ಉಳಿದಿವೆ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ. ಹಾಸ್ಟೆಲ್ ರೂಮಿನಲ್ಲಿ ಕೂತು ಅವನ್ನು ಓದುತ್ತಾ ಹೋದ ಮೇಲೆ ನನಗೆ ಬೇರೆ ವಿಷಯವೇ ರುಚಿಸಲಿಲ್ಲ.

ಅಲ್ಲಿ ಹೋದ ಮೇಲೆ ಅಡ್ವೈಸರ್ (ನಮ್ಮಲ್ಲಿ ಗೈಡ್ ಅಂತಾರಲ್ಲ, ಅವರು) ಹೇಳಿದರು: ಅಬಿಗೇಲ್ ಮೇಲೆ ಬೇಕಾದಷ್ಟು ಪುಸ್ತಕ ಬಂದಿವೆ, ನೀವು ಫಿಲಡೆಲ್ಫಿಯಾ ನೋಡಿ. 1790ರಿಂದ 1800ರವರೆಗೆ ದೇಶದ ರಾಜಧಾನಿ ಅದೇ ಊರು. ಅಲ್ಲಿ ನನಗೆ ಸಿಕ್ಕವಳು ಎಲಿಜಬೆತ್ ವಿಲ್ಲಿಂಗ್ ಪೊವೆಲ್. ಮೇಯರ್ ಸ್ಯಾಮ್ಯುಯೆಲ್ ಪೊವೆಲ್‌ನ ಹೆಂಡತಿ. 1787ರಲ್ಲಿ ಸಂವಿಧಾನದ ಕರಡು ಮುಗಿದಾಗ, ನಮಗೆ ಸಿಕ್ಕಿದ್ದು ಗಣರಾಜ್ಯವೋ ರಾಜಪ್ರಭುತ್ವವೋ ಎಂದು ಸಂವಿಧಾನ ರಚನಾ ಸಭೆಯಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕೇಳಿದವಳು ಈಕೆ. "ಗಣರಾಜ್ಯ, ಉಳಿಸಿಕೊಳ್ಳುವುದು ನಿಮ್ಮಿಂದಾದರೆ" ಎಂಬ ಅವನ ಉತ್ತರವನ್ನು ಇವತ್ತಿಗೂ ಭಾಷಣಗಳಲ್ಲಿ ಉದ್ಧರಿಸುತ್ತಾರೆ, ಕೇಳಿದವಳ ಹೆಸರು ಹೇಳುವವರು ಕಡಿಮೆ. 1792ರ ನವೆಂಬರಿನಲ್ಲಿ ಎರಡನೇ ಅವಧಿ ಬೇಡ ಎಂದು ಹಿಂಜರಿಯುತ್ತಿದ್ದ ವಾಷಿಂಗ್ಟನ್‌ಗೆ, ಬಿಟ್ಟು ಹೋಗಬೇಡಿ ಎಂದು ಉದ್ದನೆಯ ಪತ್ರ ಬರೆದಳು. 1797ರಲ್ಲಿ ಅವನು ಅಧಿಕಾರ ಬಿಟ್ಟು ಊರಿಗೆ ಹೊರಟಾಗ ಅವನ ಬರೆಯುವ ಮೇಜನ್ನು ಕೊಂಡುಕೊಂಡಳು. ಒಳಗೆ ನೋಡಿದರೆ ಮಾರ್ಥಾ ವಾಷಿಂಗ್ಟನ್ ಗಂಡನಿಗೆ ಬರೆದ ಪತ್ರಗಳ ಒಂದು ಕಟ್ಟು! ಮಾಜಿ ಅಧ್ಯಕ್ಷನನ್ನು ಚೆನ್ನಾಗಿ ಕಾಡಿಸಿ ಒಂದು ಪತ್ರ ಬರೆದಳು. ಅವನೂ ಅಷ್ಟೇ ತಮಾಷೆಯಾಗಿ, ಬೇರೆಯವರು ಓದಿದ್ದರೂ ಅದರಲ್ಲಿ ಪ್ರೇಮಕ್ಕಿಂತ ಸ್ನೇಹವೇ ಜಾಸ್ತಿ ಕಾಣುತ್ತಿತ್ತು ಎಂಬರ್ಥದಲ್ಲಿ ಉತ್ತರಿಸಿದ. ಗಂಡ ಸತ್ತ ಮೇಲೆ ಮಾರ್ಥಾ ತಮ್ಮಿಬ್ಬರ ಪತ್ರಗಳನ್ನು ಸುಟ್ಟುಹಾಕಿದಳು. ಉಳಿದದ್ದು ಬೆರಳೆಣಿಕೆಯಷ್ಟು.

ಪೊವೆಲ್‌ಳ ಅಣ್ಣನ ಮಗಳು ಆ್ಯನ್ ವಿಲ್ಲಿಂಗ್ ಬಿಂಗಮ್‌ಳದ್ದು ಇನ್ನೂ ದೊಡ್ಡ ಮನೆ, ಇನ್ನೂ ದೊಡ್ಡ ಕೂಟ. ಅವಳ ಮಗಳನ್ನು 1798ರಲ್ಲಿ ಮದುವೆಯಾದವನು ಲಂಡನ್ನಿನ ಅಲೆಕ್ಸಾಂಡರ್ ಬೇರಿಂಗ್. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಸಿಯಾನಾ ಖರೀದಿಸಿದಾಗ ಸಾಲದ ವ್ಯವಸ್ಥೆ ಮಾಡಿದವರಲ್ಲಿ ಅವನ ಮನೆತನದ ಬ್ಯಾಂಕೂ ಒಂದು. (1995ರಲ್ಲಿ ಮುಳುಗಿತಲ್ಲ, ಅದೇ ಬೇರಿಂಗ್ಸ್.) ಶ್ರೀಮಂತರ ಹೆಂಡಿರ ಟೀ ಪಾರ್ಟಿ ಬಗ್ಗೆ ಏನು ಸಂಶೋಧನೆ ಅಂತ ನಿಮ್ಮ ವಿಭಾಗದಲ್ಲಿ ಯಾರಾದರೂ ಮೂಗು ಮುರಿದರೆ ಇದನ್ನು ಹೇಳಿ.

ಈಗ ನನಗೆ ದುಬಾರಿಯಾದ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗುತ್ತೆ, ತಾಳ್ಮೆಯಿಂದ ಓದಿ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದರ ಬೀಜ ಕಾಣುತ್ತಿದೆ.

ನಾನು ಹೆಂಗಸರನ್ನು ಹೆಂಗಸರ ಹೆಸರಿನಲ್ಲಿ ಹುಡುಕಿದೆ. ಒಂದು ಮನೆತನದ ಕಾಗದಪತ್ರಗಳ ಸಂಗ್ರಹಕ್ಕೆ ಕ್ಯಾಟಲಾಗ್ ಇರುತ್ತೆ: ಇಷ್ಟು ಪೆಟ್ಟಿಗೆ ಪತ್ರಗಳು, ಇಷ್ಟು ಪೆಟ್ಟಿಗೆ ಲೆಕ್ಕಪತ್ರಗಳು ಅಂತ. ಪತ್ರಗಳ ಪಟ್ಟಿಯಲ್ಲಿ ಹೆಂಡತಿ, ಅಕ್ಕತಂಗಿ, ಅತ್ತೆ ಎಲ್ಲರ ಹೆಸರೂ ಇತ್ತು. ಲೆಕ್ಕದ ಪೆಟ್ಟಿಗೆಗಳ ಮೇಲೆ ಇದ್ದದ್ದು ಗಂಡಸಿನ ಹೆಸರು ಮಾತ್ರ. ಹಾಗಾಗಿ ಪತ್ರಗಳನ್ನು ಒಂದೂ ಬಿಡದೆ ಫೋಟೋ ತೆಗೆದೆ, ಲೆಕ್ಕದ ಪೆಟ್ಟಿಗೆಗಳನ್ನು ತರಿಸಿಯೂ ನೋಡಲಿಲ್ಲ. ರೀಡಿಂಗ್ ರೂಮಿನ ಆರ್ಕೈವಿಸ್ಟ್ ಒಬ್ಬರು "ಅದೂ ಬೇಕಾ?" ಅಂತ ಕೇಳಿದ್ದರು. ಬೇಡ ಅಂದೆ! ನನ್ನದು ಮಹಿಳಾ ಇತಿಹಾಸ, ಗಂಡನ ವ್ಯಾಪಾರ ಕಟ್ಟಿಕೊಂಡು ನನಗೇನು?

ಇದು ಎಷ್ಟು ದಡ್ಡತನ ಅಂತ ಗೊತ್ತಾಗಬೇಕಾದರೆ ಆಗಿನ ಕಾನೂನು ಗೊತ್ತಿರಬೇಕು. ಇಂಗ್ಲೆಂಡಿನಿಂದ ಬಂದ ಕವರ್ಚರ್ ಎಂಬ ನಿಯಮದ ಪ್ರಕಾರ ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಅಸ್ತಿತ್ವ ಕಾನೂನಿನಲ್ಲಿ ಇರಲಿಲ್ಲ. ಕೈಯಲ್ಲಿದ್ದ ಹಣ ಗಂಡನದು, ಕರಾರು ಮಾಡುವವನು ಗಂಡ. ನ್ಯೂಜೆರ್ಸಿಯಲ್ಲಿ 1776ರಿಂದ 1807ರವರೆಗೆ ಆಸ್ತಿಯುಳ್ಳ ಹೆಂಗಸರು ಮತ ಹಾಕುತ್ತಿದ್ದರು ಅಂತ ಓದಿರುತ್ತೀರಿ. ಅವರು ವಿಧವೆಯರು, ಮದುವೆಯಾಗದವರು. ಗಂಡನಿದ್ದವಳ ಹೆಸರಲ್ಲಿ ಆಸ್ತಿಯೇ ಇರದ ಮೇಲೆ ಮತ ಎಲ್ಲಿಂದ? ಹಾಗಾಗಿ ಅವಳು ಕೊಂಡದ್ದು, ಮಾರಿದ್ದು, ಸಾಲ ಕೊಟ್ಟದ್ದು ಎಲ್ಲವೂ ದಾಖಲೆಯಲ್ಲಿ ಗಂಡನ ಹೆಸರಿನ ಕೆಳಗೇ ಕೂರುತ್ತೆ. ಅಂಗಡಿಯ ದಿನವಹಿಯಲ್ಲಿ ಖಾತೆ ಗಂಡನದು, ಪಕ್ಕದಲ್ಲಿ ಸಣ್ಣಗೆ "ಹೆಂಡತಿಯ ಮೂಲಕ". ನಮ್ಮೂರ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ಅಜ್ಜನ ಹೆಸರಿತ್ತು. ಏನು ತರಬೇಕು, ಎಷ್ಟು ತರಬೇಕು, ಯಾವಾಗ ತೀರಿಸಬೇಕು ಅಂತ ತೀರ್ಮಾನಿಸುತ್ತಿದ್ದವಳು ಅಜ್ಜಿ. ಅದನ್ನು ನೋಡುತ್ತಲೇ ಬೆಳೆದ ನನಗೆ ಫಿಲಡೆಲ್ಫಿಯಾದಲ್ಲಿ ಅದು ಹೊಳೆಯಲಿಲ್ಲ ನೋಡಿ.

ಅಬಿಗೇಲ್‌ಳದ್ದೇ ತಗೊಳ್ಳಿ. ಜಾನ್‌ಗೆ ಜಮೀನಿನ ಹುಚ್ಚು. ಇವಳಿಗೆ ಸರ್ಕಾರಿ ಸಾಲಪತ್ರಗಳಲ್ಲಿ ಲಾಭ ಜಾಸ್ತಿ ಅಂತ ಗೊತ್ತಿತ್ತು. ಹೆಸರು ಹಾಕಿ ಕೊಳ್ಳುವಂತಿಲ್ಲ, ಹಾಗಾಗಿ ತನ್ನ ಬಂಧು ಕಾಟನ್ ಟಫ್ಟ್ಸ್ ಮೂಲಕ ಕೊಂಡಳು. 1816ರಲ್ಲಿ, ಗಂಡ ಬದುಕಿರುವಾಗಲೇ, ಕಾನೂನಿನ ಪ್ರಕಾರ ತನ್ನದಲ್ಲದ ಆಸ್ತಿಗೆ ತಾನೇ ಉಯಿಲು ಬರೆದು ಹೆಚ್ಚಿನದನ್ನು ಮನೆತನದ ಹೆಂಗಸರಿಗೇ ಹಂಚಿದಳು. 1776ರ ಆ ಪತ್ರಕ್ಕಿಂತ ಈ ಉಯಿಲು ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಪತ್ರದಲ್ಲಿ ಕೇಳಿದ್ದಳು, ಉಯಿಲಿನಲ್ಲಿ ಮಾಡಿಯೇಬಿಟ್ಟಳು.

ನನ್ನ ಅಧ್ಯಾಯಗಳಲ್ಲಿ ಇದ್ಯಾವುದೂ ಇರಲಿಲ್ಲ. ಮಾತು, ಸಂಗೀತ, ಉಡುಪು, ಮಾರ್ಥಾಳ ಶುಕ್ರವಾರದ ಸಂಜೆಕೂಟ. ಪ್ರಬಂಧ ಪರೀಕ್ಷಿಸುವ ಸಮಿತಿಯಲ್ಲಿದ್ದ ಒಬ್ಬರು ಕರಡು ಓದಿ ಎರಡೇ ಪ್ರಶ್ನೆ ಹಾಕಿದರು: ಈ ಕೂಟಗಳಿಗೆ ದುಡ್ಡು ಕೊಟ್ಟವರು ಯಾರು? ದುಡಿದವರು ಯಾರು? ನನ್ನ ಹತ್ತಿರ ಉತ್ತರವಿರಲಿಲ್ಲ, ಯಾಕೆಂದರೆ ಎರಡೂ ಉತ್ತರ ಇದ್ದದ್ದು ನಾನು ಬೇಡವೆಂದ ಪೆಟ್ಟಿಗೆಗಳಲ್ಲಿ. ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಹೆಚ್ಚು ಚುಚ್ಚಿತು. ಓನಾ ಜಡ್ಜ್ ಮಾರ್ಥಾಳ ಖಾಸಾ ಸೇವೆಯಲ್ಲಿದ್ದ ಗುಲಾಮಳು. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ 1780ರ ಕಾನೂನಿನಲ್ಲಿ ಹೊರಗಿನವರು ತಂದ ಗುಲಾಮರು ಆರು ತಿಂಗಳು ಅಲ್ಲಿದ್ದರೆ ಸ್ವತಂತ್ರರಾಗಲು ದಾರಿಯಿತ್ತು. ಅದಕ್ಕೇ ವಾಷಿಂಗ್ಟನ್ ದಂಪತಿ ಅವಧಿ ತುಂಬುವ ಮೊದಲೇ ತಮ್ಮವರನ್ನು ರಾಜ್ಯದಾಚೆ ಕಳಿಸಿ ಮತ್ತೆ ಕರೆಸುತ್ತಿದ್ದರು. ಓನಾಳನ್ನು ಮೊಮ್ಮಗಳಿಗೆ ಕೊಟ್ಟುಬಿಡಲು ಮಾರ್ಥಾ ಯೋಚಿಸಿದ್ದಳು. ಅದು ತಿಳಿದು 1796ರ ಮೇ 21ರಂದು, ದಂಪತಿ ಊಟಕ್ಕೆ ಕೂತಿದ್ದಾಗ, ಓನಾ ಮನೆ ಬಿಟ್ಟು ನ್ಯೂ ಹ್ಯಾಂಪ್‌ಶೈರಿಗೆ ತಪ್ಪಿಸಿಕೊಂಡು ಹೋದಳು. ವಾಷಿಂಗ್ಟನ್ ಖಜಾನೆ ಮಂತ್ರಿಗೆ ಹೇಳಿ ಪೋರ್ಟ್ಸ್‌ಮತ್ ಬಂದರಿನ ಸುಂಕದ ಅಧಿಕಾರಿಯಿಂದ ಹಿಡಿಸಲು ನೋಡಿದ. ಆಗಲಿಲ್ಲ. 1848ರಲ್ಲಿ ಸಾಯುವವರೆಗೂ ಅವಳು ಸಿಗಲೇ ಇಲ್ಲ, ಪತ್ರಿಕೆಯವರಿಗೆ ತನ್ನ ಕಥೆಯನ್ನೂ ಹೇಳಿದಳು. ಇಂಥವಳಿಲ್ಲದೆ ಆ ಮನೆಯ ಸಂಜೆಕೂಟದ ಬಗ್ಗೆ ಅಧ್ಯಾಯ ಬರೆದಿದ್ದೆ ನಾನು.

ಮತ್ತೆ ಆರ್ಕೈವ್‌ಗೆ ಹೋಗಬೇಕಾಯಿತು. ಅಷ್ಟರಲ್ಲಿ ಸ್ಟೈಪೆಂಡ್ ಮುಗಿದಿತ್ತು. ಸಂಗ್ರಹಾಲಯಗಳು ಕೊಡುವ ಒಂದು ತಿಂಗಳ ಫೆಲೋಶಿಪ್‌ಗಳಿಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿರಬೇಕು, ಆ ಗಡುವೂ ದಾಟಿತ್ತು. ಪಾಠ ಮಾಡುತ್ತಾ, ವೀಸಾ ವಿಸ್ತರಣೆಗೆ ಓಡಾಡುತ್ತಾ ಮುಗಿಸಿದೆ. ಪ್ರಬಂಧ ಚೆನ್ನಾಗಿ ಬಂತು, ಆದರೆ ಕೆಲಸದ ಮಾರುಕಟ್ಟೆಗೆ ಇಳಿಯುವ ಹೊತ್ತಿಗೆ ನನ್ನ ಜೊತೆಯವರು ಆಗಲೇ ಲೇಖನ ಪ್ರಕಟಿಸಿ ಮುಂದೆ ಹೋಗಿದ್ದರು. ಟೆನ್ಯೂರ್ ಇರುವ, ಅಂದರೆ ಕಾಯಂ ಆಗುವ ಹುದ್ದೆ ಸಿಗಲಿಲ್ಲ. ಈಗ ಒಂದು ಸಣ್ಣ ಕಾಲೇಜಿನಲ್ಲಿ 1877ರವರೆಗಿನ ಅಮೆರಿಕದ ಇತಿಹಾಸ ಪಾಠ ಮಾಡುತ್ತೇನೆ. ಕೊಲಂಬಸ್‌ನಿಂದ ಹಿಡಿದು ಅಂತರ್ಯುದ್ಧದ ನಂತರದ ವರ್ಷಗಳವರೆಗೆ ಎಲ್ಲವೂ ನನ್ನದೇ, ಪೊವೆಲ್‌ಗೆ ಸಿಗುವುದು ಕಾಲು ಗಂಟೆ.

ನಿಮ್ಮ ಇನ್ನೊಂದು ಪ್ರಶ್ನೆ: ಭಾರತದವರು ಅಂತ ಭಾರತದ ಸಂಬಂಧ ಸೇರಿಸಲೇಬೇಕಾ? ಬೇಡ. ನಾನೂ ಪ್ರಯತ್ನಪಟ್ಟಿದ್ದೆ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರೇ ಹೈದರ್ ಅಲಿ, ನಮ್ಮ ಮೈಸೂರಿನವನದೇ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಸೋತ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತಿದ್ದ. ಕೇಳಲು ಮಜಾ ಇದೆ, ಆದರೆ ಪೊವೆಲ್‌ಳ ಮನೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಆ ಕಾಲದ ಬಟ್ಟೆಯ ವ್ಯಾಪಾರ, ಆ ಹೆಂಗಸರು ಉಡುತ್ತಿದ್ದ ಭಾರತದ ಮಸ್ಲಿನ್ ಬಗ್ಗೆ ಬರೆಯುವುದಾದರೆ ಸಂಬಂಧ ತಾನಾಗಿ ಬರುತ್ತೆ. ಇಲ್ಲದಿದ್ದರೆ ಅಂಟಿಸಬೇಡಿ. ಇಂಗ್ಲೆಂಡಿನ ಪ್ರೊಫೆಸರು ವಿಜಯನಗರದ ಬಗ್ಗೆ ಬರೆದರೆ ನಾವು ಅವರ ಊರಿನ ಸಂಬಂಧ ಕೇಳುತ್ತೇವಾ?

ಆಯ್ಕೆಗಳನ್ನು ತೂಗಿ ನೋಡಿ ಹೇಳಿ ಅಂದಿದ್ದಿರಿ, ನಾನು ಕಥೆಯನ್ನೇ ಹೇಳಿದೆ. ಖಡಾಖಂಡಿತವಾಗಿ ಹೇಳಬಲ್ಲದ್ದು ಇಷ್ಟು: ಫೀಸು ಮನ್ನಾ, ಸ್ಟೈಪೆಂಡ್ ಎರಡೂ ಇಲ್ಲದ ಆಫರ್ ಎಷ್ಟೇ ದೊಡ್ಡ ಹೆಸರಿನದಾದರೂ ಸಾಲ ಮಾಡಿ ಹೋಗಬೇಡಿ. ಇತಿಹಾಸದ ಪ್ರಾಧ್ಯಾಪಕ ಹುದ್ದೆ ಅಮೆರಿಕದಲ್ಲಿ ಅಮೆರಿಕದವರಿಗೇ ಸಿಗುತ್ತಿಲ್ಲ, ಸಿಕ್ಕೇ ಸಿಗುತ್ತೆ ಅಂದುಕೊಂಡು ಹೊರಡಬೇಡಿ. ಅಮೆರಿಕದ ಸ್ಥಾಪಕ ನಾಯಕರ ಕಾಗದಪತ್ರಗಳ ಜಾಲತಾಣ ಫೌಂಡರ್ಸ್ ಆನ್‌ಲೈನ್ ಉಚಿತ, ಪೊವೆಲ್ ವಾಷಿಂಗ್ಟನ್‌ಗೆ ಬರೆದ ಪತ್ರಗಳು ಅಲ್ಲೇ ಸಿಗುತ್ತವೆ, ಖಂಡಿತ ಓದಿ. ಓದುವಾಗ ಅದು ಸಂಪಾದಕರು ಗಂಡಸರ ಕಾಗದಪತ್ರಗಳ ಸುತ್ತ ಕಟ್ಟಿದ್ದು ಎಂಬುದು ನೆನಪಿರಲಿ.

ಹೆಚ್ಚಿನ ಕಡೆ ಅರ್ಜಿಯ ಗಡುವು ಡಿಸೆಂಬರಿನಲ್ಲಿ. ಜೊತೆಗೆ ಬರವಣಿಗೆಯ ಮಾದರಿ ಕೇಳುತ್ತಾರೆ. ಅದಕ್ಕೋಸ್ಕರ ಆತುರದಲ್ಲಿ ಅಬಿಗೇಲ್ ಬಗ್ಗೆ ಇಪ್ಪತ್ತು ಪುಟ ಹೊಸದಾಗಿ ಬರೆಯಲು ಹೋಗಬೇಡಿ. ನಿಮ್ಮ ಎಂ.ಎ. ಪ್ರಬಂಧ ಕಿತ್ತೂರಿನದೋ ಸೊಂಡೂರಿನದೋ ಇರಲಿ, ನೀವೇ ಕಡತ ಬಿಚ್ಚಿ ಓದಿ ಬರೆದದ್ದಾದರೆ ಅದನ್ನೇ ಇಂಗ್ಲಿಷಿನಲ್ಲಿ ತಿದ್ದಿ ಕಳಿಸಿ. ಹಳೆಯ ಕೈಬರಹದ ಲೆಕ್ಕ ಓದಬಲ್ಲಿರಿ ಅಂತ ತೋರಿಸುವ ಒಂದು ಪುಟ ಅದರಲ್ಲಿದ್ದರೆ ಅದು ಮೊದಲಿಗೇ ಬರುವ ಹಾಗೆ ನೋಡಿಕೊಳ್ಳಿ.